ಕೂಸಿನ ಹೆಸರೂ ನನ್ನ ಇಂಗ್ಲಿಷೂ

ಇಂಗ್ಲಿಷಿನಷ್ಟು ಸಜ್ಜನ ಭಾಷೆ ಇನ್ನೊಂದಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. 'ಜಗಳ ಇನ್ನೂ ಮುಗಿದಿಲ್ಲ' ಎಂದು ಕನ್ನಡದಲ್ಲಿ ಬರೆದರೆ ಓದಿದವರು ತೋಳೇರಿಸುತ್ತಾರೆ. ಅದನ್ನೇ 'ದಿ ಮ್ಯಾಟರ್ ರಿಮೇನ್ಸ್ ಓಪನ್' ಎಂದು ಬರೆಯಿರಿ, ಎಲ್ಲರೂ ಚಹಾ ಕುಡಿದು ಎದ್ದು ಹೋಗುತ್ತಾರೆ. ಬೆಳಗಾವಿಯ ಕ್ಯಾಂಪಿನಲ್ಲಿರುವ ನಮ್ಮ ಕಚೇರಿಯಲ್ಲಿ ಸಭೆಯ ವರದಿ ಬರೆಯುವವನು ನಾನೇ. ಟೇಬಲ್ ಫ್ಯಾನು ಯಾರ ಕಡೆ ತಿರುಗಿರಬೇಕೆಂಬ ಕಾದಾಟಕ್ಕೆ 'ಅಗ್ರೀಡ್ ಟು ಡಿಸಗ್ರೀ' ಎಂದು ಬರೆದ ದಿನ ಸಾಹೇಬರು ನನ್ನನ್ನು ಕರೆದು ಹೊಗಳಿದರು. ಫ್ಯಾನು ಇವತ್ತಿಗೂ ಗೋಡೆಗೆ ಗಾಳಿ ಹಾಕುತ್ತಿದೆ.

ಈ ವಿದ್ಯೆಯನ್ನು ಮನೆಗೆ ತಂದದ್ದೇ ಎಡವಟ್ಟಾಯಿತು. ನಮಗೆ ಮಗಳು ಹುಟ್ಟಿದಳು. ಖಾಸಬಾಗದಲ್ಲಿ ನಮ್ಮ ಪಕ್ಕದಲ್ಲೇ ಇರುವ ಅಕ್ಕ, ನೀಲಾಂಬಿಕಾ ಎಂದು ಹೆಸರಿಡಬೇಕೆಂದಳು. ಖಾನಾಪುರದ ನಮ್ಮತ್ತೆ, ಅಂದರೆ ಹೆಂಡತಿಯ ತಾಯಿ, ಮರಾಠಿ ಮನೆಯವರು; ರುಕ್ಮಿಣಿಯೇ ಆಗಬೇಕೆಂದರು. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಕನ್ನಡದಲ್ಲಿ ಬರೆದರೆ ಅತ್ತೆಗೆ ಸಿಟ್ಟು, ಮರಾಠಿಯಲ್ಲಿ ಬರೆದರೆ ಅಕ್ಕನಿಗೆ ಸಿಟ್ಟು. ಹಾಗಾಗಿ 'ಕನ್ಸೆನ್ಸಸ್ ಈಸ್ ಯೆಟ್ ಟು ಎಮರ್ಜ್' ಎಂದು ಹಾಕಿದೆ. ಎರಡೂ ಕಡೆಯಿಂದ ಕೈಮುಗಿದ ಚಿತ್ರಗಳು ಬಂದವು. ನಾನು ಹಿಗ್ಗಿ ಹೀರೇಕಾಯಿಯಾದೆ. ಕೂಸು ಮಾತ್ರ ಪುಟ್ಟಿ, ಚಿನ್ನಿ, ಏಯ್ ಎಂದೆಲ್ಲ ಕರೆಸಿಕೊಳ್ಳುತ್ತ ದಿನ ದೂಡಿತು. "ಲಸಿಕಿ ಹಾಕೋ ನರ್ಸ್ ಹೆಸರ ಕೇಳಿದ್ರ ಏನ್ ಹೇಳ್ಲಿ? ಕನ್ಸೆನ್ಸಸ್ ಅಂತ ಹೇಳ್ಲ್ಯಾ?" ಎಂದು ಹೆಂಡತಿ ಸವಿತಾ ಹರಿಹಾಯ್ದಳು. ಬೇರೆ ಮನೆ ಮಾಡೋಣವೆಂಬ ಅವಳ ಹಳೆಯ ಬೇಡಿಕೆಗೂ ನಾನು 'ಅಂಡರ್ ಕನ್ಸಿಡರೇಶನ್' ಎಂದೇ ಹೇಳುತ್ತ ಬಂದಿದ್ದೆ.

ಕೊನೆಗೆ ಖಾನಾಪುರದಲ್ಲಿ ತೊಟ್ಟಿಲಿಗೆ ಹಾಕುವ ದಿನ ಬಂದೇ ಬಂತು. ನಮ್ಮ ಕಡೆ ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರಬೇಕು. ಆಗ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಅಕ್ಕ ಬಗ್ಗಿದ್ದೇ ತಡ, ಗುದ್ದು ಶುರು. ಖಾನಾಪುರದವರ ಗುದ್ದಿನಲ್ಲಿ ರುಕ್ಮಿಣಿಯ ಪಾಲೂ ಸ್ವಲ್ಪ ಇತ್ತು. ಅಕ್ಕ ಹೆಸರು ಹೇಳದೆಯೇ ತಟ್ಟನೆ ಎದ್ದು ನಿಂತು, "ನಾ ಒಬ್ಬಾಕಿ ಯಾಕ ಗುದ್ದು ತಿನ್ಲಿ? ಅಪ್ಪ ಅನಿಸ್ಕೊಂಡಾಂವ ಬಂದು ಹೇಳಲಿ!" ಎಂದಳು. ಎಲ್ಲರೂ ಸೇರಿ ನನ್ನನ್ನು ಬಗ್ಗಿಸಿದರು. "ಬೋತ್ ದಿ ನೇಮ್ಸ್..." ಎಂದು ಆರಂಭಿಸಿದೆ. ಬೆನ್ನ ಮೇಲೆ ಧಡ್ ಧಡ್ ಧಡ್! ಬಾಯಿಂದ "ಜಾಜಿ!" ಎಂದು ಹಾರಿಬಿಟ್ಟಿತು.

ಗುದ್ದುತ್ತಿದ್ದ ಕೈಗಳು ಗಾಳಿಯಲ್ಲೇ ನಿಂತವು. ಆ ಹೆಸರು ಅವಳು ಹುಟ್ಟಿದಾಗಿನಿಂದ ನನ್ನ ಮನಸ್ಸಿನಲ್ಲಿತ್ತು. ಇಬ್ಬರಿಗೂ ಹೆದರಿ ನಾನು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

"ಅಹೋ ಜಾವಯಿಬಾಪು, ಇದನ್ನ ಮೊದಲ ಹೇಳಾಕ ಏನಾಗಿತ್ರಿ? ನಿಮಗ ಹೆಸರಽ ಹೊಳೀವಲ್ದು ಅಂತ ನಾವು ಜಗಳಾಡಿದ್ವಿ" ಎಂದು ಅತ್ತೆ ಅಳಿಯನನ್ನು ಕೇಳಿದರು.

"ಚೊಲೋ ಐತಿ ತಗೋ" ಎಂದು ಅಕ್ಕ ಕಣ್ಣೊರೆಸಿಕೊಂಡಳು. ಖುಷಿಯಿಂದ ಬೆನ್ನು ನೆಟ್ಟಗೆ ಮಾಡಹೋದೆ.

ಸವಿತಾ ಬಿಡಲಿಲ್ಲ. "ತಡೀರಿ, ಇನ್ನ ನಾಕು ಹಾಕ್ರಿ! ಖಾಸಬಾಗದಾಗ ಅಕ್ಕನ ಬಾಜೂಕ ಇರೂದೋ, ಮಹಾಂತೇಶ ನಗರದಾಗ ಬ್ಯಾರೆ ಮನಿ ಮಾಡೂದೋ, ಅದನ್ನೂ ಹೇಳೇ ಏಳಲಿ."

ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಬೆನ್ನು ಒಡ್ಡಿದೆ.