ತೋಟಪ್ಪನವರ ಗೇರ್ ಆಯಿಲ್ ಪರೀಕ್ಷೆ

ಎಣ್ಣೆಯ ವಿಷಯದಲ್ಲಿ ತೋಟಪ್ಪನವರಿಗೆ ಬುದ್ಧಿ ಹೇಳುವುದೆಂದರೇನು! ದಾವಣಗೆರೆಯಲ್ಲಿ ಮೂರು ತಲೆಮಾರಿನಿಂದ ಶೇಂಗಾ ಎಣ್ಣೆ ಮಾರಿದ ಮನೆತನ ಅವರದು. ಅಂಗೈ ಮೇಲೆ ಎರಡು ಹನಿ ತಿಕ್ಕಿ, ಮೂಸಿ, ಕಲಬೆರಕೆ ಹಿಡಿಯುವ ಮಹಾಪುರುಷರು. ಅಂಥವರಿಗೆ ಹೆಂಡತಿ ಉಮಾಮಹೇಶ್ವರಿ, ಅದೂ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ನಾಲ್ಕು ಜನರೆದುರು, ಉಪದೇಶ ಮಾಡಿದ್ದರು.

"ಮಾರಿಸ್ ಗೇರ್‌ಬಾಕ್ಸಿಗೆ ತೆಳ್ಳನೆ ಎಂಜಿನ್ ಆಯಿಲ್ಲೇ ಹಾಕ್ಬೇಕ್ರಿ. ನಮ್ಮಪ್ಪಾಜಿ ಅದನ್ನೇ ಹಾಕ್ತಿದ್ರು."

"ಗೇರಿಗೆ ಎಂಜಿನ್ ಆಯಿಲ್ಲಾ? ನಾಳೆ ಒಗ್ಗರಣೆಗೆ ಸೀಮೆಎಣ್ಣೆ ಹಾಕು ಅಂತೀಯ! ಸುಮ್ನಿರು."

ಆ ಹಳೇ ಮಾರಿಸ್ ಕಾರು ಮಾವನವರದು. ಸಾಯುವ ಮುಂಚೆ ಅಳಿಯನಿಗೆ ಕೊಟ್ಟಿದ್ದರು. (ಮಗಳಿಗೆ ಕೊಟ್ಟದ್ದು ಎಂದು ಹೆಂಡತಿಯ ವಾದ.) ಹರಿಹರದ ಭಾವಮೈದ ವೀರೇಶನಿಗೆ ಅದರ ಮೇಲೆ ಮೊದಲಿನಿಂದಲೂ ಕಣ್ಣು. "ನಮ್ಮನಿ ಗೃಹಪ್ರವೇಶಕ್ಕೆ ಅದರಾಗೇ ಬರ್ರಿ ಭಾವ. ಗಾಡಿ ಕೆಡಿಸಿದ್ರೆ ಇಲ್ಲೇ ಬಿಟ್ಟು ಹೋಗ್ಬೇಕಾಗ್ತೈತೆ" ಎಂದು ಫೋನಿನಲ್ಲಿ ನಕ್ಕಿದ್ದ. ಆ ನಗು ತೋಟಪ್ಪನವರ ಹೊಟ್ಟೆ ಉರಿಸಿತ್ತು.

ಅವರು ಅದೇ ಅಂಗಡಿಯಲ್ಲಿ ಏಳು ಡಬ್ಬಿ ತೆರೆಸಿದರು. ಒಂದೊಂದನ್ನೂ ತಿಕ್ಕಿದರು, ಮೂಸಿದರು. ಬೆಲ್ಲದ ಪಾಕದಂತೆ ಎಳೆ ಬಂದು, ಮೂಗು ಸುಡುವಷ್ಟು ಗಂಧಕ ನಾರಿದ್ದು ಪಾಸಾಯಿತು.

"ಇದು ಈಗಿನ ಲಾರಿಗಳದ್ರೀ" ಎಂದ ಅಂಗಡಿಯವನು.

"ಲಾರಿ ನಡೆಸೋ ಎಣ್ಣೆ ಕಾರು ನಡೆಸಲ್ಲೇನು?" ಎಂದು ಗದರಿದರು.

ಗೃಹಪ್ರವೇಶದ ದಿನ ಊರೊಳಗಿನ ಎಂ.ಸಿ.ಸಿ. ಬಡಾವಣೆ ದಾಟುವ ಮೊದಲೇ ಗೇರು ಹಲ್ಲು ಕಡಿಯತೊಡಗಿತು. "ಹೊಸಾ ಎಣ್ಣೆ, ಹೊಂದ್ಕೋಬೇಕು" ಎಂದರು ತೋಟಪ್ಪ. ಉಮಾಮಹೇಶ್ವರಿ ಕಿಟಕಿಯಾಚೆ ನೋಡುತ್ತ ಕೂತರು. ಜಗಳವಾಡಿದ್ದರೆ ತೋಟಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹರಿಹರದಲ್ಲಿ ಕಾರು ಕಾಣುವ ಮೊದಲೇ ಸದ್ದು ಕೇಳಿ ಬಂಧುಬಳಗವೆಲ್ಲ ಹೊರಗೆ ಬಂತು. ಊಟಕ್ಕೆ ಬಂದಿದ್ದ ಮಾವನವರ ಮೆಕ್ಯಾನಿಕ್ ತಾರಿಕ್ ಎಣ್ಣೆ ಇಳಿಸಿ ನೋಡಿದ.

"ಸಾಹುಕಾರ್ರೇ, ಈ ಗಂಧಕದ ಎಣ್ಣೆ ಒಳಗಿನ ಹಿತ್ತಾಳೆನೇ ತಿಂತೈತೆ! ಹಿಂಗೇ ಓಡ್ಸಿದ್ರೆ ಗೇರ್‌ಬಾಕ್ಸ್ ಕೈಯಾಗ ಬರ್ತಿತ್ತು. ಯಾವ್ದು ಹಾಕ್ಬೇಕು ಅಂತ ಅಕ್ಕಾರಿಗೆ ಗೊತ್ತೈತಲ್ಲ, ಕೇಳ್ಬಾರ್ದಾ?"

ಅವನು ತೆಳ್ಳನೆ ಎಣ್ಣೆ ತುಂಬಿಸಿದ ಮೇಲೆ ವೀರೇಶ್ ಕೈ ಚಾಚಿದ. ತೋಟಪ್ಪ ಕೀಲಿ ಕೊಟ್ಟರು, ಜೊತೆಗೆ ಮರ್ಯಾದೆಯನ್ನೂ. ವೀರೇಶ್ ಕೀಲಿಯನ್ನು ಅಕ್ಕನ ಕೈಗಿಟ್ಟ.

"ಇನ್ಮ್ಯಾಲೆ ನೀನೇ ಓಡ್ಸಕ್ಕಾ. ಭಾವ ಪಕ್ಕದಾಗ ಕೂತ್ಕೊಳ್ಲಿ."

ಮರಳುವ ದಾರಿಯುದ್ದಕ್ಕೂ ತೋಟಪ್ಪ ಗೇರಿನ ಕಡೆಗೇ ಕಿವಿ ನೆಟ್ಟು ಕುಳಿತರು. ಒಂದೇ ಒಂದು ಸಲ ಕಟಕಟ ಅನ್ನಲಿ ಶಿವನೇ ಎಂದು ದಾವಣಗೆರೆಯವರೆಗೂ ಬೇಡಿಕೊಂಡರು. ಗೇರು ತುಟಿ ಪಿಟಕ್ಕೆನ್ನಲಿಲ್ಲ.