ಪುಟಾಣಿ ರೈಲಿನಲ್ಲಿ ಇಂಡಿಗೆ ಹೊರಟವರು

ನನ್ನ ಬಾಯಿಂದ ‘ಹೋಗು’ ಎಂಬ ಮಾತು ಹೊರಡುವುದಿಲ್ಲ. ಇದನ್ನು ನನ್ನ ಒಳ್ಳೆಯತನವೆಂದು ತಿಳಿಯಬೇಡಿ, ಬೆಳೆಸಿದವರ ತಪ್ಪು. ನಾನು ಮಾತು ಕಲಿತದ್ದು ಶಾಲೆಯಲ್ಲಲ್ಲ, ಸೋದರತ್ತೆಯ ಮನೆಯ ಕಟ್ಟೆಯ ಮೇಲೆ. ಬಾಗಿಲಿಗೆ ಬಂದವರು ಬಳೆಗಾರರಿರಲಿ, ಜಗಳಕ್ಕೆಂದೇ ಸೆರಗು ಕಟ್ಟಿ ಬಂದ ಓಣಿಯ ಹೆಂಗಸರಿರಲಿ, ಆಕೆ ಯಾರನ್ನೂ ‘ಹೋಗು’ ಎಂದು ಕಳಿಸಿದವಳಲ್ಲ. ‘ಹೋಗಿ ಬಾರಪ್ಪ’, ‘ಹೋಗಿ ಬಾರವ್ವ’ ಎಂದೇ ಕಳಿಸುವಳು. ಅಂಗಳದಲ್ಲಿ ಒಣಹಾಕಿದ ಜೋಳಕ್ಕೆ ಬಾಯಿ ಹಾಕಿದ್ದ ಪಕ್ಕದ ಮನೆಯ ಎಮ್ಮೆಯನ್ನು ಬಡಿಗೆ ಹಿಡಿದು ಅಟ್ಟುವಾಗಲೂ ಆಕೆ ‘ಹೋಗಿ ಬಾರವ್ವ’ ಎಂದದ್ದನ್ನು ನಾನೇ ಕೇಳಿದ್ದೇನೆ. ಎಮ್ಮೆ ಮರುದಿನವೂ ಬಂತು.

ಇಂಥ ಕಟ್ಟೆಯಲ್ಲಿ ಪಳಗಿದ ನನ್ನನ್ನು, ಮಂದಿಯನ್ನು ಹೊರಗೆ ಹಾಕುವುದೇ ಮುಖ್ಯ ಕೆಲಸವಾಗಿದ್ದ ಜಾಗಕ್ಕೆ ಮ್ಯಾನೇಜರ್ ಮಾಡಿದರು. ಊರೂರಿಗೆ ಎಸ್‌ಟಿಡಿ ಬೂತುಗಳು ಎದ್ದಿದ್ದ ಕಾಲ ಅದು. ಇಂಡಿ ಊರಿನ ಒಬ್ಬ ನಿಂಬೆಹಣ್ಣಿನ ಸಾಹುಕಾರರು ಮಕ್ಕಳನ್ನು ಕರೆದುಕೊಂಡು ದೊಡ್ಡ ಶಹರಕ್ಕೆ ಹೋಗಿ, ಅಲ್ಲಿ ನೀರಿನಲ್ಲಿ ಆಡುವ ಪಾರ್ಕೊಂದನ್ನು ಕಂಡು ಬಂದರು. ನಮ್ಮ ಮಂದಿ ಏನು ಪಾಪ ಮಾಡ್ಯಾರ ಎಂದು ಅವರಿಗೆ ಅನ್ನಿಸಿತು. ಸಿಂದಗಿಯ ಹೊರಗೆ ರಸ್ತೆಗೆ ಹತ್ತಿದ ಹೊಲದಲ್ಲಿ ಒಂದು ಈಜುಕೊಳ, ಅದಕ್ಕೊಂದು ಜಾರುಬಂಡಿ, ಮಕ್ಕಳನ್ನು ಕೂಡಿಸಿಕೊಂಡು ಗರಗರ ತಿರುಗುವ ಕಪ್ಪು-ಬಸಿ, ಕೊಳದ ಸುತ್ತ ಓಡುವ ಪುಟಾಣಿ ರೈಲು, ಇಷ್ಟನ್ನು ಕೂಡಿಸಿ ಫ್ಯಾಮಿಲಿ ಪಾರ್ಕ್ ಎಂದು ಬೋರ್ಡು ಹಾಕಿದರು. ಕಾಳುಕಡಿಯ ದಲ್ಲಾಳಿಗಳ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ ಕೂದಲು ಬೆಳ್ಳಗೆ ಮಾಡಿಕೊಂಡಿದ್ದ ನನ್ನನ್ನು ಕರೆಸಿ, ನಿಮ್ಮ ಬಾಯಿ ಛಲೋ ಐತಿ, ಮಂದೀನ್ನ ನೀವ ಸಂಭಾಳಿಸ್ರಿ ಎಂದರು. ಬಾಯಿ ಚೆನ್ನಾಗಿರುವುದು ಬೇರೆ, ಬಾಯಿ ಮುಚ್ಚಿಕೊಂಡಿರುವುದು ಬೇರೆ ಎಂದು ಆಗ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಿಯಮಗಳ ಫಲಕವನ್ನು ಬರೆದವನು ನಾನೇ. ಮದ್ಯಪಾನ ಮಾಡಿ ಬರಬಾರದು, ಕೊಳದ ದಂಡೆಯಲ್ಲಿ ಊಟ ಮಾಡಬಾರದು, ರೈಲಿನಲ್ಲಿ ಹತ್ತು ವರ್ಷದ ಒಳಗಿನ ಮಕ್ಕಳು ಮಾತ್ರ ಕೂಡಬೇಕು ಎಂದು ಒಂದೊಂದು ಸಾಲಿನಲ್ಲಿ ಮುಗಿಯಬೇಕಾದದ್ದಕ್ಕೆ ‘ಹಿರಿಯರು ದಯಮಾಡಿ’, ‘ತಾಯಂದಿರು ತಪ್ಪು ತಿಳಿಯದೆ’ ಎಂದೆಲ್ಲ ಸೇರಿಸಿದ್ದರಿಂದ ಫಲಕ ಲಗ್ನಪತ್ರಿಕೆಯಂತಾಯಿತು. ಜನ ಅದನ್ನು ಹಾಗೆಯೇ ಓದಿಕೊಂಡರು, ಅಂದರೆ ಸಂತೋಷದಿಂದ ಓದಿ, ರೊಟ್ಟಿ ಬುತ್ತಿ ಬಿಚ್ಚಿ ಕೊಳದ ದಂಡೆಯಲ್ಲೇ ಪಂಕ್ತಿ ಕೂತರು. ತಡೆಯಲು ಹೋದ ನನ್ನ ಕೈಗೂ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಬಂತು. ಬೇಡ ಎಂದರೆ ಕೊಟ್ಟವರಿಗೆ ನೋವಾಗುತ್ತದೆ, ತಿಂದರೆ ನಿಯಮಕ್ಕೆ ನೋವಾಗುತ್ತದೆ. ನಿಯಮಕ್ಕೆ ಬಾಯಿಲ್ಲವೆಂದು ತಿಂದೆ. ಒಬ್ಬ ಅಜ್ಜ ಕೊಳದಲ್ಲಿ ಧೋತರ ಒಗೆದು ಜಾರುಬಂಡಿಯ ಮೇಲೆ ಒಣಹಾಕಿ, ಅದು ಒಣಗುವತನಕ ನನಗೆ ತನ್ನ ಮೂವರು ಸೊಸೆಯರ ಸ್ವಭಾವಗಳನ್ನು ವಿವರಿಸಿದ. ಮೂರನೆಯ ಸೊಸೆಯ ಅರ್ಧಕ್ಕೆ ಬರುವಾಗ ಧೋತರ ಒಣಗಿತೆಂದು ನನಗೆ ಬೇಸರವೇ ಆಯಿತು.

ಕುಡಿದು ಬಂದವರದು ಮಾತ್ರ ಬೇರೆ ಸಮಸ್ಯೆ. ಮೊದಮೊದಲು ಅವರ ಹೆಗಲ ಮೇಲೆ ಕೈಹಾಕಿ ಗೇಟಿನವರೆಗೆ ನಡೆಸಿ, ‘ಹೋಗಿ ಬರ್ರಿ’ ಎಂದು ಬೀಳ್ಕೊಡುತ್ತಿದ್ದೆ. ಅವರು ಹೋಗಿ, ಬರುತ್ತಿದ್ದರು. ಸಾಹೇಬ್ರು ತಾವ ಹೇಳ್ಯಾರ ಎಂದು ಗೇಟು ಕಾಯುವ ಮೌಲಾಸಾಬನ ಜೊತೆ ವಾದಕ್ಕೇ ನಿಲ್ಲುತ್ತಿದ್ದರು. ಕೊನೆಗೆ ನನಗೊಂದು ಉಪಾಯ ಸಿಕ್ಕಿತು. ಕುಡಿದವನನ್ನು ಆಫೀಸಿನ ಕೋಣೆಗೆ ಕರೆದು, ಫ್ಯಾನಿನ ಕೆಳಗೆ ಕೂಡಿಸಿ, ಸಾಹುಕಾರರ ತೋಟದ ನಿಂಬೆಹಣ್ಣಿನ ಶರಬತ್ತು ಕೊಟ್ಟು, ಎರಡನೆಯ ಗ್ಲಾಸಿಗೆ ಬರುವಾಗ ಮೆಲ್ಲಗೆ, ನಿಮ್ಮ ಮಾವನ ಮನಿ ಯಾವೂರ್ರಿ ಎಂದು ಕೇಳುವುದು. ನಮ್ಮ ಕಡೆಯ ಗಂಡಸರು ಪೊಲೀಸರಿಗೆ ಹೆದರುವುದಿಲ್ಲ, ದೇವರನ್ನು ಶ್ರಾವಣದವರೆಗೆ ಮುಂದೂಡುತ್ತಾರೆ. ಆದರೆ ಹೆಂಡತಿಯ ತವರೂರಿನಲ್ಲಿ ಮರ್ಯಾದೆ ಹೋಗುವುದೆಂದರೆ ಮೈ ಬೆವರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ತಾಲೂಕಿನಲ್ಲಿ ಯಾವ ಊರಿನ ಹೆಸರು ಹೇಳಿದರೂ ಅಡತಿ ಅಂಗಡಿಯ ಹಳೆಯ ಗುಮಾಸ್ತನಿಗೆ ಅಲ್ಲೊಬ್ಬರು ಗುರುತಿನವರು ಇದ್ದೇ ಇರುತ್ತಾರೆ. ಇದ್ದಾರೆಂದು ಹೇಳಿದರೆ ಸಾಕು, ಅಮಲು ಅರ್ಧ ಇಳಿಯುತ್ತಿತ್ತು. ಮೌಲಾಸಾಬ ಈ ಪ್ರಶ್ನೆಗೆ ‘ಇಂಜೆಕ್ಷನ್’ ಎಂದು ಹೆಸರಿಟ್ಟಿದ್ದ.

ಒಂದು ವರ್ಷ ಬೇಸಿಗೆ ಆಗಷ್ಟೇ ಶುರುವಾಗಿತ್ತು. ಮುದ್ದೇಬಿಹಾಳದಿಂದ ಒಬ್ಬ ಹೆಂಡತಿ ಮತ್ತು ಐದು ವರ್ಷದ ಮಗಳೊಂದಿಗೆ ಬಂದ. ಗೇಟಿನಲ್ಲಿ ಸರಿಯಾಗಿಯೇ ಇದ್ದ. ಒಳಗೆ ಹೋದಮೇಲೆ ಯಾವ ಗಿಡದ ಮರೆಯಲ್ಲಿ ಏನಾಯಿತೋ, ಮಧ್ಯಾಹ್ನ ನೋಡಿದರೆ ಪುಟಾಣಿ ರೈಲಿನ ಮೊದಲ ಡಬ್ಬಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ, ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಕುಳಿತಿದ್ದಾನೆ. ಇಳಿಯಿರಿ ಎಂದರೆ ಇಳಿಯಲೊಲ್ಲ. ಮಗಳಿಗೆ ರೈಲಿನಲ್ಲಿ ಇಂಡಿಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದಾನಂತೆ. ಕೊಳವನ್ನು ಸುತ್ತು ಹಾಕಿ ರೈಲು ನನ್ನ ಮುಂದೆ ಬಂದಾಗಲೆಲ್ಲ ಬಹಳ ವಿನಯದಿಂದ, “ಇಂಡಿ ಬಂದ್ರ ಹೇಳ್ರಿ” ಎನ್ನುತ್ತಿದ್ದ. ಮಗಳು ಕೇಕೆ ಹಾಕಿ ನಗುತ್ತಿದ್ದಳು. ಸರದಿಯಲ್ಲಿ ನಿಂತಿದ್ದ ಶಾಲೆಯ ಮಕ್ಕಳಿಗೂ ಆಟ ಹತ್ತಿತು. ರೈಲು ಬಂದಾಗಲೆಲ್ಲ ಅವರು, ಇನ್ನೂ ಬಂದಿಲ್ಲ ಎಂದು ಕೂಗತೊಡಗಿದರು. ಆಗ ನಾನು ಮೌಲಾಸಾಬನ ಟೊಪ್ಪಿಗೆ ಇಸಿದುಕೊಂಡು ತಲೆಗಿಟ್ಟು, ಸೀಟಿ ಊದಿ ರೈಲು ನಿಲ್ಲಿಸಿ, ಟಿಕೆಟ್ ಕಲೆಕ್ಟರನ ಗತ್ತಿನಲ್ಲಿ “ಇಂಡಿ ಬಂತು, ಇಳೀರಿ” ಎಂದೆ. ಆತ ಇಳಿದ.

ಆಫೀಸಿನಲ್ಲಿ ನಾಲ್ಕು ಗ್ಲಾಸು ಶರಬತ್ತು ಕುಡಿದ ಮೇಲೆ ನನ್ನ ಪ್ರಶ್ನೆ ಹಾಕಿದೆ. ಮಾವನ ಮನೆ ಬಾಗೇವಾಡಿ ಎಂದ. ಎಂದವನೇ ಮುಖ ಸಣ್ಣದು ಮಾಡಿಕೊಂಡು ನನ್ನ ಕೈ ಹಿಡಿದ. “ಕಾಕಾ, ಈ ಮಾತು ಬಾಗೇವಾಡಿಗೆ ಮುಟ್ಟಬಾರದ್ರಿ.” ನಾನು ಅವನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಮಗಳಿಗೆ ಮೋಸಂಬಿ ಸುಲಿದು ಕೊಡುತ್ತಿದ್ದಳು. ನಮ್ಮಿಬ್ಬರ ಕಡೆಗೂ ನೋಡಲಿಲ್ಲ.

ಮಾತು ಕೊಟ್ಟದ್ದು ನಿಜ. ಆದರೆ ಬಾಗೇವಾಡಿಗೆ ಮುಟ್ಟಿಸುವುದಿಲ್ಲ ಎಂದು ಕೊಟ್ಟದ್ದು, ಇಂಡಿಯಲ್ಲಿ ಹೇಳುವುದಿಲ್ಲ ಎಂದಲ್ಲ. ಹೀಗೆ ನನಗೆ ನಾನೇ ವಕೀಲನಾಗಿ, ಮೊದಲು ಸಾಹುಕಾರರ ಮುಂದೆ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ನಗುವಿನ ರುಚಿ ಹತ್ತಿತು ನೋಡಿ, ಆಮೇಲೆ ಒಂದು ತೊಟ್ಟಿಲ ಕಾರ್ಯದಲ್ಲಿ ಹೇಳಿದೆ, ಸಿಂದಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೇಳಿದೆ, ಕ್ಷೌರಕ್ಕೆ ಕೂತು ಕೆನ್ನೆಗೆ ಸಾಬೂನು ಹಚ್ಚಿಸಿಕೊಂಡೇ ಹೇಳಿದೆ. ಹೇಳಿದಷ್ಟೂ ಕತೆ ಹದವಾಗುತ್ತ ಹೋಯಿತು. ಹೆಸರು ಮಾತ್ರ ಎಲ್ಲಿಯೂ ಎತ್ತಲಿಲ್ಲ, ಅದು ನನ್ನ ಪ್ರಾಮಾಣಿಕತೆ. ಆದರೆ ಬಿಳಿ ಸಫಾರಿ, ಕಿವಿಯವರೆಗೆ ಬಂದ ಮೀಸೆ, ಮುದ್ದೇಬಿಹಾಳದಲ್ಲಿ ಗೊಬ್ಬರದ ಅಂಗಡಿ, ಇವಿಲ್ಲದಿದ್ದರೆ ಕತೆಗೆ ಕಳೆಯೇ ಇಲ್ಲವಲ್ಲ. (ಈ ಸಲ ಆ ಗುರುತುಗಳನ್ನೆಲ್ಲ ಅದಲುಬದಲು ಮಾಡಿದ್ದೇನೆ. ಹುಡುಕಲು ಹೋಗಬೇಡಿ.)

ಮಳೆಗಾಲ ಹಿಡಿಯುವ ಹೊತ್ತಿಗೆ ಮೌಲಾಸಾಬ ಒಂದು ಸುದ್ದಿ ತಂದ. ಅವನ ಅಕ್ಕನ ಮನೆ ಬಾಗೇವಾಡಿ. ನಮ್ಮ ರೈಲಿನ ಗಿರಾಕಿಯ ಹೆಂಡತಿಯನ್ನು ಅವಳ ತಂದೆ ಮುದ್ದೇಬಿಹಾಳಕ್ಕೆ ಹೋಗಿ ಕರೆತಂದು ಒಂದು ತಿಂಗಳಾಯಿತಂತೆ, ತಿರುಗಿ ಕಳಿಸಿಲ್ಲವಂತೆ. ಗಂಡ ಎರಡು ಸಲ ಕರೆಯಲು ಬಂದ. ಎರಡು ಸಲವೂ ಹೊರಗೆ ಕಟ್ಟೆಯ ಮೇಲೆ ಚಹಾ ಕೊಟ್ಟು ಕಳಿಸಿದ್ದಾರೆ, ಒಳಗೆ ಕರೆದಿಲ್ಲ. ಮನೆಯ ಅಳಿಯನಿಗೆ ಕಟ್ಟೆಯ ಮೇಲೆ ಚಹಾ ಕೊಡುವುದೆಂದರೆ ಏನು ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಚಹಾಕ್ಕಿಂತ ಎರಡು ಏಟು ಕೊಟ್ಟಿದ್ದರೆ ಮೇಲಿತ್ತು. “ಸಾಹೇಬ್ರ, ಇಂಜೆಕ್ಷನ್ ಖರೇನ ಚುಚ್ಚಿಬಿಟ್ರಿ ನೋಡ್ರಿ” ಎಂದ ಮೌಲಾಸಾಬ. ಅವನು ನಗಲಿಲ್ಲ. ಆ ದಿನ ಮಧ್ಯಾಹ್ನದ ಬುತ್ತಿಯನ್ನು ಬಿಚ್ಚದೆ ಅವನಿಗೇ ಕೊಟ್ಟೆ. ಒಂದು ಸಂಸಾರ, ನಡುವೆ ಐದು ವರ್ಷದ ಒಂದು ಕೂಸು. ಕುಡಿದವನು ಅವನಾದರೂ ಊರೂರಿಗೆ ತೂರಾಡಿಕೊಂಡು ಹೋದದ್ದು ನನ್ನ ನಾಲಿಗೆ.

ಮರುದಿನ ರಜೆ ಹಾಕಿ ಬಾಗೇವಾಡಿಗೆ ಹೋದೆ. ಹುಡುಗಿಯ ತಂದೆ ಬಟ್ಟೆ ವ್ಯಾಪಾರದ ಹಿರಿಯರು, ಗಂಭೀರ ಮನುಷ್ಯ. ನಾನು ಯಾರೆಂದು ಹೇಳಿಕೊಂಡ ಮೇಲೂ ಒಳಗೆ ಕರೆದು, ಜಮಖಾನೆ ಹಾಸಿ ಕೂಡಿಸಿ, ನೀರು ಕೊಟ್ಟರು. ಅಳಿಯನಿಗೆ ಸಿಗದ ಜಾಗದಲ್ಲಿ ಕುಳಿತು ನನಗೆ ಮುಳ್ಳು ಚುಚ್ಚಿದಂತಾಯಿತು. ನಾನು ಹೀಗೆ ಬಂದೆ ಎಂದು ಸುರು ಮಾಡುವುದರೊಳಗೆ ಅವರೇ ಹೇಳಿದರು, ಅಂಗಡಿಯ ಮುಂದೆ ಹಾದು ಹೋಗುವ ಹುಡುಗರು ‘ಇಂಡಿ ಬಂತೇನ್ರಿ’ ಎಂದು ಕೂಗಿ ಓಡುತ್ತಾರಂತೆ. ನಾಲ್ಕು ಮಂದಿಯ ನಡುವೆ ತಲೆಯೆತ್ತಿ ಬದುಕಿದವರು ಈಗ ಸಂತೆಗೆ ಹೋಗುವುದನ್ನೂ ಬಿಟ್ಟಿದ್ದರು. ತಪ್ಪಾಯಿತು ಎಂದು ಕೈಮುಗಿದೆ. “ನಿಮ್ಮದೇನ್ ತಪ್ಪು ಐತ್ರಿ?” ಎಂದರು. “ನೀವು ಕಂಡದ್ದು ಹೇಳಿದ್ರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ತಡೆಯಲಾಗಲಿಲ್ಲ. ಏಕೆಂದರೆ ಕಂಡದ್ದನ್ನು ನಾನು ಹೇಳಿರಲಿಲ್ಲ. ಸಾಹುಕಾರರಿಗೂ ಹೇಳಿರಲಿಲ್ಲ, ಕ್ಷೌರದಂಗಡಿಯಲ್ಲೂ ಹೇಳಿರಲಿಲ್ಲ. ಓದುತ್ತಿರುವ ನಿಮಗೂ ‘ಆತ ಇಳಿದ’ ಎಂದಷ್ಟೇ ಹೇಳಿ ದಾಟಿಸಿಬಿಟ್ಟಿದ್ದೇನೆ. ಆತ ಹಾಗೆ ಇಳಿಯಲಿಲ್ಲ.

ರೈಲು ನಿಂತ ಜಾಗ ಕೊಳದ ದಂಡೆಗೆ ಹತ್ತಿಕೊಂಡೇ ಇತ್ತು. “ಇಂಡಿ ಬಂತು, ಇಳೀರಿ” ಎಂದೆನಲ್ಲ, ಆತ ಎದ್ದು ನಿಂತು ಟೊಪ್ಪಿಗೆಯ ಕೆಳಗಿನ ನನ್ನ ಬೆಳ್ಳಗಿನ ಕೂದಲು ನೋಡಿದ. ನಾನೂ ಅದೇ ರೈಲಿನ ಪ್ರಯಾಣಿಕನೆಂದು ಅವನಿಗೆ ತೋರಿರಬೇಕು. ಎರಡೂ ಕೈ ಜೋಡಿಸಿ, “ಹಿರ್ಯಾರು ಅದೀರಿ, ನೀವು ಮೊದಲ ಇಳೀರಿ” ಎಂದ. ಅಷ್ಟು ಮರ್ಯಾದೆಯಿಂದ ಹೇಳಿದವನ ಮುಂದೆ ಸೋದರತ್ತೆಯ ಕಟ್ಟೆಯಲ್ಲಿ ಬೆಳೆದ ನಾನು ಸುಮ್ಮನಿರುವುದು ಹೇಗೆ? ಛೇ, ನೀವು ಮೊದಲ ಎಂದು ಕೈಮುಗಿದು ಒಂದು ಹೆಜ್ಜೆ ಹಿಂದೆ ಸರಿದೆ. ಎಲ್ಲ್ಯಾದರೂ ಉಂಟೇನ್ರಿ, ನೀವು ಮೊದಲ ಎಂದು ಆತ ಇನ್ನಷ್ಟು ಬಾಗಿದ. ನಾನು ಇನ್ನೊಂದು ಹೆಜ್ಜೆ ಸರಿದೆ. ಹೀಗೆ ನಾವಿಬ್ಬರು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಕೊಡುತ್ತ, ನಾಲ್ಕನೆಯ ಹೆಜ್ಜೆಗೆ ನನ್ನ ಕಾಲಡಿ ನೆಲವಿರಲಿಲ್ಲ. ಟೊಪ್ಪಿಗೆ, ಸೀಟಿ, ಜೋಡಿಸಿದ ಕೈ ಸಮೇತ ಕೊಳಕ್ಕೆ ಬಿದ್ದೆ. ಈಜು ಬಾರದ ನಾನು ಎರಡು ಗುಟುಕು ಕುಡಿಯುವುದರೊಳಗೆ ಆ ಮನುಷ್ಯ ಬಿಳಿ ಸಫಾರಿಯಲ್ಲೇ ಧುಮುಕಿ, ನನ್ನ ಕಂಕುಳಲ್ಲಿ ಕೈಹಾಕಿ ಎತ್ತಿ ನಿಲ್ಲಿಸಿದ. ಮುಖದ ನೀರು ಒರೆಸುತ್ತ ನಿಜವಾದ ಆಶ್ಚರ್ಯದಿಂದ ಕೇಳಿದ, “ಕಾಕಾ, ಇಂಡ್ಯಾಗ ಇಷ್ಟು ನೀರು ಯಾವಾಗ ಬಂತ್ರಿ?” ಶಾಲೆಯ ಮಕ್ಕಳು ಚಪ್ಪಾಳೆ ಹೊಡೆದರು. ಆಫೀಸಿನಲ್ಲಿ ಶರಬತ್ತು ಕುಡಿದಾಗ ಇಬ್ಬರೂ ಒದ್ದೆಯಾಗಿದ್ದೆವು, ಮತ್ತು ಆ ಹೊತ್ತಿಗೆ ನಡುಗುತ್ತಿದ್ದವನು ಕುಡಿಯದವನು.

ಇದನ್ನೆಲ್ಲ ಆ ಹಿರಿಯರ ಮುಂದೆ ತಲೆ ತಗ್ಗಿಸಿ ಹೇಳಿದೆ. ಕತೆ ಹೇಳುವ ನನ್ನ ಯಾವ ಚಾತುರ್ಯವೂ ಬರಲಿಲ್ಲ. ಎಲ್ಲ ಮುಗಿದ ಮೇಲೆ ಅವರು, ನೀರು ಎಷ್ಟಿತ್ತು ಎಂದು ಕೇಳಿದರು. ಸೊಂಟದಮಟ ಎಂದೆ. ಅವರು ಹೊದ್ದಿದ್ದ ವಲ್ಲಿಯಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೇನೋ ಎಂದು ಗಾಬರಿಯಾಗಿ ನೋಡಿದರೆ ಹೆಗಲೆರಡೂ ಕುಣಿಯುತ್ತಿದ್ದವು. ಒಳಗಿನ ಕೋಣೆಯಲ್ಲೂ ಹೆಂಗಸರು ನಗುವುದು ಕೇಳಿಸಿತು. ಸೊಂಟದಮಟ ನೀರಿಗೆ ಸಫಾರಿ ಸಮೇತ ಜಿಗಿದನೇನು ನಮ್ಮ ಅಳಿಯ ಎಂದು ಅವರು ಮತ್ತೆ ಮತ್ತೆ ಹೇಳಿಕೊಂಡರು. ‘ನಮ್ಮ ಅಳಿಯ’ ಎಂಬ ಮಾತು ಆ ಮನೆಯಲ್ಲಿ ತಿಂಗಳ ಮೇಲೆ ಬಂದದ್ದಿರಬೇಕು. ನಾನು ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ಆ ಹಿರಿಯರ ಮಗಳು, ಅವತ್ತು ಬೆಂಚಿನ ಮೇಲೆ ಕೂತಿದ್ದವಳು, ಬಾಗಿಲಿಗೆ ಬಂದು ನಿಂತಳು. ಅವಳು ನಕ್ಕಿರಲಿಲ್ಲ.

“ಕಾಕಾ, ಅಪ್ಪಾಗ ನಮ್ಮ ಮನ್ಯಾವ್ರು ಕುಡದದ್ದಕ್ಕ ಸಿಟ್ಟು ಇರಲಿಲ್ರಿ, ಮಂದಿ ನಕ್ಕದ್ದಕ್ಕ ಸಿಟ್ಟಿತ್ತು. ಈಗ ನಿಮ್ಮನ್ನ ನೋಡಿ ನಕ್ರು, ಅಪ್ಪನ ಸಿಟ್ಟು ಇಳೀತು. ನನ್ನ ಸಿಟ್ಟು ಬ್ಯಾರೆ ಐತಿ. ನಾ ನಮ್ಮ ಮನ್ಯಾವ್ರಿಗೆ ಹೇಳೂದೆಲ್ಲಾ ಅವತ್ತ ತಿರುಗಿ ಹೋಗುವಾಗ ಬಸ್ಸಿನ್ಯಾಗ ಹೇಳಿದ್ದೆ. ಎರಡು ತಿಂಗಳು ಅವರು ಬಾಟ್ಲಿ ಮುಟ್ಟಿರಲಿಲ್ಲ. ನನ್ನ ಇಲ್ಲಿ ತಂದು ಕೂಡಿಸಿದ ಮ್ಯಾಲ ಅಲ್ಲಿ ಏನ್ ನಡದೈತೋ ಯಾರಿಗೆ ಗೊತ್ತು?”

ತಂದೆಯ ನಗು ನಿಂತಿತು. ನಾನು ಜಮಖಾನೆಯ ಅಂಚಿನ ದಾರ ಕೀಳುತ್ತ ಕುಳಿತೆ. ಎರಡು ತಿಂಗಳು ಒಬ್ಬ ಹೆಣ್ಣುಮಗಳು ಯಾರಿಗೂ ಕಾಣದಂತೆ ಕಟ್ಟಿಕೊಂಡು ಬಂದದ್ದನ್ನು, ನಾಲ್ಕು ಮಂದಿಯನ್ನು ನಗಿಸುವ ಹುರುಪಿನಲ್ಲಿ ನಾನು ಕೆಡವಿದ್ದೆ.

ಮರುದಿನ ಮುಂಜಾನೆಯ ಬಸ್ಸಿಗೆ ಮುದ್ದೇಬಿಹಾಳಕ್ಕೆ ಹೋಗುತ್ತೇನೆಂದು ಅವಳು ತಂದೆಗೆ ಹೇಳಿದಳು. ಕೇಳಲಿಲ್ಲ, ಹೇಳಿದಳು. ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದಳು. ನನ್ನಿಂದ ಏನಾದರೂ ಆಗುವುದಿದ್ದರೆ ಹೇಳವ್ವ ಎಂದೆ.

“ಇಲ್ಲಿ ಆದದ್ದು ಸಿಂದಗಿ ಮುಟ್ಟೂತನಕ ಯಾರ ಮುಂದೂ ಹೇಳಬ್ಯಾಡ್ರಿ. ನಾ ನಾಳೆ ಊರು ಸೇರೂದ್ರಾಗ ಈ ಸುದ್ದಿ ನನಗಿಂತ ಮೊದಲ ಅಲ್ಲಿ ಇರಬಾರದು. ಅದಕ್ಕಿಂತ ಹೆಚ್ಚು ನಿಮ್ಮ ಕೈಲೆ ಆಗೂದಿಲ್ಲ, ನನಗ ಗೊತ್ತೈತಿ.”

ಸಿಂದಗಿಗೆ ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ನನ್ನ ಪಕ್ಕಕ್ಕೆ ಒಬ್ಬ ಗಂಡಸು, ಅವನಾಚೆ ಅವನ ಹೆಂಡತಿ. ಬಸ್ಸು ಊರು ದಾಟುವುದರೊಳಗೆ ಆತ, ಬಾಗೇವಾಡ್ಯಾಗ ಯಾರು ಅದಾರ್ರಿ ಎಂದು ಕೇಳಿದ. ಇಂಥ ಪ್ರಶ್ನೆಗಾಗಿ ನಾನು ಬಸ್ಸು ಹತ್ತುವವನು. ಹೊಟ್ಟೆಯೊಳಗೆ ಕತೆ ಬಿಸಿಬಿಸಿ ಇತ್ತು, ಅದೂ ಮೊದಲಿನದಕ್ಕಿಂತ ಎರಡು ಪಟ್ಟು ಒಳ್ಳೆಯದು. ಸುಮ್ಮನೆ ತಲೆಯಾಡಿಸಿದೆ. ಈ ವರ್ಷ ತೊಗರಿ ಹೆಂಗ್ರಿ ಎಂದ. ತೊಗರಿಯಿಂದ ಪುಟಾಣಿ ರೈಲಿಗೆ ಬರಲು ನನಗೆ ಮೂರು ವಾಕ್ಯ ಸಾಕು. ಅದಕ್ಕೂ ತಲೆಯಾಡಿಸಿದೆ. ಒಂದು ಸಾಲು ಹೇಳಿದರೇನಾದೀತು ಎಂದು ಒಳಗಿನಿಂದ ಯಾರೋ ಪುಸಲಾಯಿಸಿದರು. ಎರಡು ತಿಂಗಳು ಆ ಮುದ್ದೇಬಿಹಾಳದವನಿಗೆ ಸಾರಾಯಿ ಅಂಗಡಿಯ ಮುಂದೆ ಹಾದುಹೋಗುವಾಗ ಹೀಗೇ ಆಗಿರಬೇಕು ಎಂದು ಆಗ ತಿಳಿಯಿತು. ನನ್ನನ್ನು ನಾನು ನಂಬದೆ ಟವೆಲ್ಲಿನ ಚುಂಗಿನಿಂದ ಬಾಯಿ ಮುಚ್ಚಿ ಹಿಡಿದೆ.

ಪಕ್ಕದವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಆಮೇಲೆ ಹೆಂಡತಿಯ ಕಡೆ ಬಾಗಿ, ಮೆಲುದನಿ ಎಂದು ತಾನು ತಿಳಿದ ದನಿಯಲ್ಲಿ, “ಆ ಕಡೆ ಸರಕೋ. ಹಿರ್ಯಾರು ಹಾಕ್ಕೊಂಡು ಬಂದಾರ. ವಾಸನಿ ಬರ್ತೈತಂತ ಬಾಯಿ ತೆಗೆಯಾಕ ವಲ್ಲರು” ಎಂದ. ಅಲ್ಲ ಎನ್ನಬೇಕಾದರೆ ಬಾಯಿ ತೆರೆಯಬೇಕಿತ್ತು. ತೆರೆದರೆ ‘ಅಲ್ಲ’ ಎಂಬಲ್ಲಿಗೆ ನಿಲ್ಲುವ ಬಾಯಿ ನನ್ನದಲ್ಲ. ತಲೆ ತಗ್ಗಿಸಿ, ಸಿಂದಗಿ ಬರುವವರೆಗೂ ಕುಡಿದವನಾಗಿಯೇ ಕುಳಿತಿದ್ದೆ.