ಘಾಟಿನ ಗ್ಯಾಸು

ಡಾಕ್ಟರಮ್ಮನ ಬಾಯಿಂದ 'ಗ್ಯಾಸ್' ಎಂಬ ಮಾತು ಬರದಿದ್ದರೆ ಗ್ಯಾಸ್ ಒಲೆ ರಿಪೇರಿಯವನು ಆ ಬೆಳಿಗ್ಗೆ ತೆಪ್ಪಗೆ ಬೆಂಚಿನ ಮೇಲೆ ಕೂತಿರುತ್ತಿದ್ದ.

"ಬೆನ್ನಿಗೆ ಸೂಜಿ ಹಾಕೋ ಹಾಗಿಲ್ಲ. ಪೂರ್ತಿ ನಿದ್ದೆ ಬರಿಸಿ ಸಿಸೇರಿಯನ್ ಮಾಡ್ತೀವಿ," ಎಂದರು ಅರಿವಳಿಕೆಯ ಡಾಕ್ಟರಮ್ಮ. "ನಿದ್ದೆ ಹಿಡಿದಿಡೋಕೆ ಎರಡು ಗ್ಯಾಸ್ ಇವೆ. ಒಂದು ಘಾಟು, ಇನ್ನೊಂದಕ್ಕೆ ವಾಸನೆ ಕಮ್ಮಿ. ಯಾವುದು ಮೇಲು ಅಂತ ಹೋಲಿಸಿ ನೋಡ್ತಿದ್ದೀವಿ. ಚೀಟಿ ಎತ್ತಿದ ಹಾಗೆ, ಮುಚ್ಚಿದ ಲಕೋಟೆಯಲ್ಲಿ ಯಾವುದು ಬಂತೋ ಅದನ್ನ ಕೊಡ್ತೀವಿ. ಎರಡೂ ಕ್ಷೇಮವೇ."

ಹೆಂಡತಿ ಆಗಲೇ ಒಪ್ಪಿ ಸಹಿ ಹಾಕಿದ್ದಳು. ಅವಳ ಚಿಂತೆ ಬೇರೆ. ಎರಡು ವರ್ಷದ ಹಿಂದೆ ಹುಟ್ಟಿದ ಮಗು ಅಳಲೇ ಇಲ್ಲ. ದೇವರು ಕೊಟ್ಟು ಹಿಂದಕ್ಕೆ ಕರೆದುಕೊಂಡ ಮನೆಯಲ್ಲಿ ಸಂತೋಷಕ್ಕಿಂತ ಮೊದಲು ಭಯ ಬಂದು ಕೂರುತ್ತದೆ.

"ನಾನು ನಿದ್ದೇಲಿರ್ತೀನಿ. ನೀವು ಬಾಗಿಲಲ್ಲೇ ನಿಂತು ಮೊದಲ ಅಳು ಕೇಳಿ. ಹೇಗಿತ್ತು ಅಂತ ನಂಗೆ ಹೇಳಬೇಕು," ಎಂದು ಗಂಡನ ಕೈ ಹಿಡಿದಳು.

ಬೆಂಚಿನ ಮೇಲೆ ಅವನ ಅತ್ತೆಯೂ ಪಕ್ಕದ ಮನೆಯ ಟೈಲರೂ ಇದ್ದರು.

"ವಾಸನೆ ಕಮ್ಮಿ ಇರೋದೇ ಬರಲಪ್ಪ," ಎಂದರು ಅತ್ತೆ.

"ಏನತ್ತೆ ನೀವು! ವಾಸನೆ ಇಲ್ಲದ ಗ್ಯಾಸು ಕಳ್ಳ ಇದ್ದ ಹಾಗೆ. ಒಳಗೆ ಮಗುವಿಗೆ ಏನು ಮಾಡ್ತಿದೆ ಅಂತ ಯಾರಿಗೆ ಗೊತ್ತಾಗುತ್ತೆ?"

"ಹಾಗಿದ್ರೆ ಲಕೋಟೆ ನಂಬ್ಕೊಂಡು ಕೂತಿದ್ದೀಯಲ್ಲ! ಏಳಯ್ಯ ಮೇಲೆ!" ಟೈಲರನ ನಾಲಗೆ ಅವನ ಕತ್ತರಿಗಿಂತ ಸಲೀಸು.

ಅವನು ಎದ್ದು ಓಡಿದ. "ಘಾಟಿಂದೇ ಕೊಡಿ ಡಾಕ್ಟರೇ. ಸೋರಿದ್ರೆ ಮೂಗಿಗೆ ಗೊತ್ತಾಗ್ಬೇಕು."

"ಯಾರ ಮೂಗಿಗಪ್ಪ? ಅವರು ಇಂಜೆಕ್ಷನ್‌ಗೇ ಮಲಗಿಬಿಟ್ಟಿರ್ತಾರೆ. ಆರಿಸೋಕೆ ಬರಲ್ಲ. ಬೇಕಾದ್ರೆ ಹೋಲಿಕೆಯಿಂದ ಹೆಸರು ತೆಗೀಬಹುದು, ಅಷ್ಟೆ."

"ತೆಗೀರಿ!"

ಸ್ಟ್ರೆಚರ್ ಮೇಲಿದ್ದ ಹೆಂಡತಿ ನಿಟ್ಟುಸಿರು ಬಿಟ್ಟಳು. "ಅವರಿಗೆ ಸಮಾಧಾನ ಆಗೋ ಹಾಗೆ ಮಾಡಿ," ಎಂದು ಇನ್ನೊಂದು ಸಹಿ ಹಾಕಿದಳು.

ಆ ಕಾಗದವನ್ನು ಕೆಳಗಿನ ಕಚೇರಿಗೆ ಕೊಟ್ಟು ಬರಬೇಕಿತ್ತು. ಎರಡು ನಿಮಿಷದ ಕೆಲಸವೆಂದು ಅವನು ಮೆಟ್ಟಿಲಿಳಿದ.

"ಕಾರಣ ಬರೀರಿ," ಎಂದ ಗುಮಾಸ್ತ.

'ವಾಸನೆ' ಎಂದು ಬರೆದ.

ಗುಮಾಸ್ತ ಕನ್ನಡಕ ಏರಿಸಿದ. "ಯಾರದು?"

ಅದನ್ನು ವಿವರಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ಏದುಸಿರು ಬಿಡುತ್ತ ಮೇಲೆ ಬಂದರೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಲ್ಲಿ ಹೋಗಿದ್ದೆಯಪ್ಪ? ಹೆಣ್ಣು ಮಗು! ಏನು ಅಳು ಅಂತೀಯ, ಕಿಟಕಿ ಗಾಜು ನಡುಗ್ತು!"

ಡಾಕ್ಟರಮ್ಮ ಹೊರಗೆ ಬಂದರು.

"ಘಾಟಿಂದೇ ಕೊಟ್ರಾ?"

"ಹೋಲಿಕೆ ಬಿಟ್ಟವರಿಗೆ ಮಾಮೂಲಿನದು, ವಾಸನೆ ಕಮ್ಮಿ ಇರೋದು. ನಿಮ್ಮ ಲಕೋಟೆ ಆಮೇಲೆ ಒಡೆದು ನೋಡಿದೆ. ಅದರಲ್ಲಿ ಘಾಟಿಂದೇ ಇತ್ತು."

ವಾರ್ಡಿನಲ್ಲಿ ಮಗು ತೊಟ್ಟಿಲಲ್ಲಿ ಸದ್ದಿಲ್ಲದೆ ನಿದ್ದೆಹೋಗಿತ್ತು. ಹೆಂಡತಿ ಕಣ್ಣು ತೆರೆಯಲಾರದೆ ತೊದಲಿದಳು: "ಅತ್ತಿತಾ? ಹೇಗಿತ್ತು?"

ಅವನು ಹೇಳಲೆಂದು ಬಾಯಿ ತೆರೆದ. ಎರಡು ವರ್ಷದ ದುಃಖವೆಲ್ಲ ಒಮ್ಮೆಲೇ ಒತ್ತರಿಸಿ, ಗೊಳೋ ಎಂದು ಅತ್ತುಬಿಟ್ಟ.

ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು.

"ಅಯ್ಯೋ, ಎಷ್ಟು ದಪ್ಪ ದನಿ... ಗಂಡು ಮಗುವಾ?"